ಪಿಕಪ್ಪಿನ ಹಿಂಬದಿ ಕಿಟಕಿ

ಅಮೆರಿಕದ ಹಳ್ಳಿಗಾಡಿನವರಿಗೆ ಪಿಕಪ್ ಟ್ರಕ್ ಎಂದರೆ ನಮ್ಮಲ್ಲಿ ಹಿಂದೆ ಎತ್ತಿನಗಾಡಿ ಇದ್ದ ಹಾಗೆ. ಗೊಬ್ಬರ ಹೊರಲಿಕ್ಕೂ ಅದೇ, ಪೇಟೆಗೆ ಹೋಗಲಿಕ್ಕೂ ಅದೇ, ನಾಲ್ಕು ಜನರೆದುರು ಗತ್ತು ತೋರಿಸಲಿಕ್ಕೂ ಅದೇ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಿನ ಬಾದಾಮಿ, ದ್ರಾಕ್ಷಿ ತೋಟಗಳ ನಡುವೆ ನಲವತ್ತು ವರ್ಷ ದಾಟಿದ ಪಿಕಪ್ಪುಗಳು ಈಗಲೂ ಓಡಾಡುತ್ತವೆ. ಅಂಥದೊಂದು, 1978ರ ಷೆವರ್ಲೆ ಸಿ-10, ನಮ್ಮ ಮನೆ ಮುಂದೆಯೂ ನಿಂತಿದೆ. ಅದನ್ನು ಕೊಂಡದ್ದಕ್ಕೆ ನನ್ನ ಹೆಂಡತಿ ಇನ್ನೂ ಕ್ಷಮಿಸಿಲ್ಲ. ಆ ವಿಷಯ ಇಲ್ಲಿ ಬೇಡ.

1973ರಿಂದ 1987ರವರೆಗೆ ಷೆವರ್ಲೆ ಪಿಕಪ್ಪುಗಳು ಹೆಚ್ಚುಕಡಿಮೆ ಇದೇ ಆಕಾರದಲ್ಲಿ ಬಂದವು. ಮೂಲೆಗಳೆಲ್ಲ ಚೌಕವಾಗಿರುವುದರಿಂದ ಇವಕ್ಕೆ 'ಸ್ಕ್ವೇರ್ ಬಾಡಿ' ಎಂಬ ಅಡ್ಡಹೆಸರು. ಚಾಲಕನ ಬೆನ್ನ ಹಿಂದೆ ಸಾಮಾನ್ಯವಾಗಿ ಒಂದೇ ತುಂಡಿನ ಗಾಜು. ಹೆಚ್ಚಿಗೆ ಹಣ ಕೊಟ್ಟರೆ ಸರಿಯುವ ಕಿಟಕಿ. ಅಲ್ಯೂಮಿನಿಯಂ ಚೌಕಟ್ಟು, ಎರಡು ಬದಿಯಲ್ಲಿ ಅಲುಗದ ಗಾಜು, ನಡುವಿನದು ಮಾತ್ರ ಕಾಲುವೆಯಂಥ ಸಂದಿನಲ್ಲಿ ಅತ್ತಿತ್ತ ಸರಿಯುತ್ತದೆ. ನಮ್ಮೂರ ಬಸ್ಸಿನ ಕಿಟಕಿಗೆ ಜಗ್ಗಾಡಿದವರಿಗೆ ಇದರ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ನಮ್ಮ ಗಾಡಿಯಲ್ಲಿ ಎ.ಸಿ. ಇಲ್ಲ. ಬೇಸಿಗೆಯಲ್ಲಿ ಫ್ರೆಸ್ನೊದ ಬಿಸಿಲು ನಲವತ್ತು ಡಿಗ್ರಿ ಮುಟ್ಟಿದಾಗ ಆ ಕಿಟಕಿ ತೆರೆಯದಿದ್ದರೆ ಒಳಗೆ ಕೂತವರು ಹಪ್ಪಳ.

ಅತ್ತೆ ತೀರಿಕೊಂಡ ಮರುವರ್ಷ ಮಾವನವರನ್ನು ಸಾಗರದಿಂದ ಕರೆಸಿಕೊಂಡೆವು. ಮಗಳಿಗೆ ಅವರನ್ನು ಇಲ್ಲೇ ಇರಿಸಿಕೊಳ್ಳುವ ಆಸೆ. ಅವರಿಗೋ ಮಾತೇ ಬೇಡ. ಅಳಿಯನೆಂಬ ಮರ್ಯಾದೆಗೆ ನನ್ನನ್ನು 'ನೀವು' ಎನ್ನುತ್ತಿದ್ದರು. ಆ 'ನೀವು' ಬಂದದ್ದೂ ದಿನಕ್ಕೆ ಎರಡು ಸಲ, ಊಟದ ಹೊತ್ತಿಗೆ. ಮಿಕ್ಕ ಸಮಯವೆಲ್ಲ ವರಾಂಡದ ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು. ಹೆಂಡತಿ ರಾತ್ರಿ ಅಳುತ್ತಿದ್ದಳು.

ಒಂದು ಶನಿವಾರ ನಾನು ಕಿಟಕಿಯ ಜೊತೆ ಗುದ್ದಾಡುತ್ತಿದ್ದೆ. ಹಿಂದೆ ಬಂದು ನಿಂತರು.

"ಎಳೀಬೇಡಿ. ಬಿಗಿದಿದ್ದನ್ನ ಎಳೆದ್ರೆ ಇನ್ನೂ ಬಿಗೀತದೆ."

ಅದು ಅಡಿಕೆ ತೋಟದವರ ಮಾತು. ಆದರೆ ಗಾಜಿನ ಮಟ್ಟಿಗೂ ನಿಜ. ಇಂಥ ಹದಗೊಳಿಸಿದ ಗಾಜಿಗೆ ಅಂಚಿನಲ್ಲಿ ಪೆಟ್ಟು ಬಿದ್ದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಉದುರುತ್ತದೆ.

ಕನ್ನಡಕ ಹಾಕಿಕೊಂಡು ಕೆಳಗಿನ ಸಂದನ್ನು ಇಣುಕಿದರು. ತುಂಬ ಧೂಳು. ಆಗಸ್ಟ್, ಸೆಪ್ಟೆಂಬರಿನಲ್ಲಿ ಇಲ್ಲಿ ಯಂತ್ರದಿಂದ ಬಾದಾಮಿ ಮರಗಳನ್ನು ಅಲ್ಲಾಡಿಸಿ ಕಾಯಿ ಉದುರಿಸುತ್ತಾರೆ. ನೆಲದಿಂದೆದ್ದ ಹುಡಿ ಊರನ್ನೇ ಮುಚ್ಚುತ್ತದೆ. ಯಾರೋ ಹಿಂದಿನ ಮಾಲೀಕರು ಅದರ ಮೇಲೆ ಗ್ರೀಸ್ ಬಳಿದಿದ್ದರು. ಎರಡೂ ಸೇರಿ ಅರೆದ ಮಸಾಲೆಯಂತಾಗಿತ್ತು. ನೀರು ಇಳಿದುಹೋಗಲೆಂದು ಸಂದಿನ ತಳದಲ್ಲಿ ಬಿಟ್ಟಿರುವ ಸಣ್ಣ ತೂತುಗಳು ಕಟ್ಟಿಕೊಂಡು, ನಿಂತ ನೀರಿಗೆ ಅಲ್ಯೂಮಿನಿಯಂ ಬಿಳಿ ಪುಡಿ ಬಿಟ್ಟಿತ್ತು.

"ಮೇಣದಬತ್ತಿ ಉಜ್ಜಿದ್ರೆ?" ಎಂದರು. ಊರಲ್ಲಿ ಮಳೆಗಾಲಕ್ಕೆ ಬಿಗಿಯುವ ಡ್ರಾಯರಿಗೆ ಅದೇ ಮದ್ದು. ಇಲ್ಲಿನ ಬಿಸಿಲಿಗೆ ಮೇಣ ಮೆತ್ತಗಾಗಿ ಮತ್ತೆ ಧೂಳು ಹಿಡಿಯುತ್ತದೆ, ಎಣ್ಣೆ ಹಾಕಿದರೆ ರಬ್ಬರು ಉಬ್ಬುತ್ತದೆ, ಸಿಲಿಕೋನ್ ಸ್ಪ್ರೇ ಆಗಬೇಕು ಎಂದೆ. "ಸರಿ, ಮೊದಲು ತೊಳೀರಿ. ಕೊಳೆ ಮೇಲೆ ಏನು ಹಾಕಿದ್ರೂ ಕೊಳೆಯೇ."

ತೊಳೆದದ್ದು ಅವರೇ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ಬಿಸಿನೀರು, ಕಬಾಬಿಗೆ ಚುಚ್ಚುವ ಬಿದಿರು ಕಡ್ಡಿ. ತೆಂಗಿನ ಗರಿಕಡ್ಡಿ ಸಿಗದ ದೇಶ ಎಂಥ ದೇಶ ಎಂದು ಗೊಣಗಿದರು. ತೂತೊಂದು ಬಿಟ್ಟುಕೊಂಡು ಕಪ್ಪು ನೀರು ಪಿಸಕ್ಕನೆ ಇಳಿದಾಗ ನಕ್ಕರು. ಬಂದು ಒಂದೂವರೆ ತಿಂಗಳಾದ ಮೇಲೆ ಮೊದಲ ನಗು.

ಒಣಗಲು ಒಂದು ದಿನ ಬಿಟ್ಟೆವು. ಆ ದಿನ ಅತ್ತೆಯ ಬಗ್ಗೆ ಮಾತಾಡಿದರು. ಕೊನೆಯ ವಾರ ಆಸ್ಪತ್ರೆಯಲ್ಲಿ ಅತ್ತೆ ಕಿಟಕಿ ತೆಗೆಯಿರಿ ಎಂದು ಕೇಳುತ್ತಲೇ ಇದ್ದರಂತೆ. ಅದು ಮೊಳೆ ಹೊಡೆದು ಭದ್ರಪಡಿಸಿದ ಕಿಟಕಿ. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೇನಿತ್ತು?

ಭಾನುವಾರ ಸಿಲಿಕೋನನ್ನು ಬಟ್ಟೆಗೆ ಹಾಕಿ ಸಂದಿಗೆ ಒರೆಸಿದೆವು. ಗಾಡಿಗೆ ಬಣ್ಣ ಹೊಡೆಸುವ ಯೋಚನೆಯಿರುವವರು ಇದನ್ನು ನೇರವಾಗಿ ಚಿಮ್ಮಿಸಬಾರದು. ತಗಡಿಗೆ ತಗುಲಿದ ಕಡೆ ಹೊಸ ಬಣ್ಣ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ. ಗಾಜು ಅರ್ಧ ದಾರಿ ಸರಿದು ನಿಂತಿತು. ಮಾವ ಮೇಲಿನ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿ, "ಇಲ್ಲಿ ತುಟಿ ಕಚ್ಚಿದೆ" ಎಂದರು. ಅಲ್ಯೂಮಿನಿಯಂ ಅಂಚು ಒಂದಂಗುಲದಷ್ಟು ಒಳಕ್ಕೆ ಬಾಗಿತ್ತು. ಮರದ ಚಕ್ಕೆಯೊಂದನ್ನು ಬೆಣೆಯಂತೆ ಕೆತ್ತಿ ಮೆಲ್ಲನೆ ಅಗಲಿಸಿದರು. ಆಮೇಲೆ ಒಂದೇ ಬೆರಳಿಗೆ ಸರಿಯಿತು.

ಸಂಜೆ ಮೂವರೂ ಹೊರಟೆವು. ಮುಂದಿನ ಎರಡು ಕಿಟಕಿಗಳನ್ನೂ ಇಳಿಸಿದೆ. ಹಿಂದಿನದೊಂದನ್ನೇ ತೆರೆದಿಟ್ಟರೆ ಸೈಲೆನ್ಸರಿನ ಹೊಗೆ ಒಳಗೆ ಸೆಳೆಯುವ ಅಪಾಯವುಂಟು. ತೋಟದ ಸಾಲುಗಳ ನಡುವೆ ಕಾಗದ ಹಾಸಿ ದ್ರಾಕ್ಷಿ ಒಣಹಾಕಿದ್ದರು. ಮಾವ ಗಾಡಿ ನಿಲ್ಲಿಸಲು ಹೇಳಿ ಬಹಳ ಹೊತ್ತು ನೋಡಿದರು. "ಅಡಿಕೆ ಕೊಯ್ಲಿನ ಹೊತ್ತಿಗೆ ನಾನು ಅಂಗಳದಲ್ಲಿ ಇರಬೇಕು" ಎಂದರು. ಮಗಳು ಈ ಸಲ ವಾದಿಸಲಿಲ್ಲ.

ಅಕ್ಟೋಬರಿನಲ್ಲಿ ಊರಿಗೆ ಹೊರಟರು. ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಮಗಳ ಜೊತೆ ಮಾತು ಮುಗಿದ ಮೇಲೆ ನನ್ನನ್ನು ಕರೆಸುತ್ತಾರೆ. "ತೂತಿಗೆ ಕಡ್ಡಿ ಹಾಕಿದ್ರಾ?"