ನನಗೆ ಆದದ್ದನ್ನೇ ಹೇಳಿದೆ

2021ರ ಯುಗಾದಿಯ ಹೊತ್ತಿಗೆ ನಮ್ಮ ನೆಂಟರಿಷ್ಟರ ನಡುವೆ ನಾನೊಂದು ಉದಾಹರಣೆಯಾಗಿಬಿಟ್ಟಿದ್ದೆ. ಕೀಲುವಾತ ಇರುವವರು ಕೊರೊನಾ ಲಸಿಕೆ ಹಾಕಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ನನ್ನನ್ನು ತೋರಿಸುತ್ತಿದ್ದರು. ತುಮಕೂರಿನ ನಮ್ಮ ಬೀದಿಯಲ್ಲಿ, ಗುಬ್ಬಿಯ ತವರುಮನೆಯಲ್ಲಿ, ಕುಣಿಗಲ್‌ನ ಅಕ್ಕನ ಮುಂದೆ ನಾನೇ ಹೇಳಿಕೊಂಡು ಬಂದಿದ್ದೆ: 'ಲಸಿಕೆ ಹಾಕಿಸ್ಕೊಂಡ್ಮೇಲೇ ನಂಗೆ ಹಿಂಗಾಗಿದ್ದು.' ಊದಿದ ಬೆರಳುಗಳು ಎದುರಿಗೇ ಇದ್ದವು, ಬೇರೆ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಪ್ಪೆಲ್ಲ ಇದ್ದದ್ದು ಹೇಳದೆ ಬಿಟ್ಟದ್ದರಲ್ಲಿ.

ಅಕ್ಕನಿಗೂ ನನಗೂ ಒಂದೇ ಕಾಯಿಲೆ, ರುಮಟಾಯ್ಡ್ ಆರ್ಥ್ರೈಟಿಸ್. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಬೇನೆ. ಅದು ಹತೋಟಿಗೆ ಬರುವ ಮುಂಚೆ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಮುದ್ದೆ ತಿರುವುವ ಕೋಲು ಕೈಯಲ್ಲಿ ನಿಲ್ಲದೆ ಅಕ್ಕ ಒಲೆಯ ಮುಂದೆ ಅತ್ತದ್ದುಂಟು. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್, ಮಾರನೆಯ ದಿನ ಫೋಲಿಕ್ ಆಸಿಡ್, ದಿನಾ ಬೆಳಿಗ್ಗೆ ಸಣ್ಣ ಪ್ರಮಾಣದ ಸ್ಟೀರಾಯ್ಡ್. ಹೀಗೆ ಅಳೆದು ತೂಗಿ ಬೆಂಗಳೂರಿನ ಡಾಕ್ಟರು ನಮ್ಮಿಬ್ಬರನ್ನೂ ಒಂದು ಹದಕ್ಕೆ ತಂದಿದ್ದರು. ಮೆಥೊಟ್ರೆಕ್ಸೇಟ್ ಅನ್ನು ನಮ್ಮ ಕಡೆ ಈಗಲೂ 'ಕ್ಯಾನ್ಸರ್ ಮಾತ್ರೆ' ಎನ್ನುತ್ತಾರೆ. ಹೆಚ್ಚಿನ ಪ್ರಮಾಣದಲ್ಲಿ ಅದನ್ನು ಕ್ಯಾನ್ಸರಿಗೆ ಕೊಡುವುದು ನಿಜ. ಹಾಗಾಗಿ ಅದನ್ನು ಬಿಡಲು ಒಂದು ನೆಪ ಸಿಕ್ಕರೆ ಸಾಕು ಎನ್ನುವ ಆಸೆ ಒಳಗೆ ಯಾವಾಗಲೂ ಇರುತ್ತದೆ.

ಎಷ್ಟೋ ವರ್ಷ ನೋವುಂಡು ಪಡೆದ ನೆಮ್ಮದಿ ಅದು. ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಸೂಜಿ ಎಂದಾಗ ಎದೆ ಝಲ್ಲೆನ್ನದೆ ಇರುವುದಿಲ್ಲ. ಇದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವವರು ನೋವಿನ ನೆನಪನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೇಲಿಂದ ಬಂದ ಮಾತುಗಳೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾಯಿತು. ರೋಗನಿರೋಧಕ ಶಕ್ತಿ ಕುಂದಿದವರು, ಅದರ ಮೇಲೆ ಪರಿಣಾಮ ಬೀರುವ ಔಷಧ ತೆಗೆದುಕೊಳ್ಳುವವರು ಹಾಕಿಸಿಕೊಳ್ಳಬಾರದು ಎಂದು ಅದೇ ತಿಂಗಳು ಹೊರಬಂದ ಕೋವ್ಯಾಕ್ಸಿನ್ ಮಾಹಿತಿ ಪತ್ರದಲ್ಲಿತ್ತು. ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆಗಳಿರುವವರಿಗೆ ಲಸಿಕೆ ಎಂದಾಗ ಕೇಂದ್ರ ಸರ್ಕಾರ ಕೊಟ್ಟ 20 ಕಾಯಿಲೆಗಳ ಪಟ್ಟಿಯಲ್ಲಿ ಬಹುಕಾಲದಿಂದ ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರೂ ಇದ್ದರು. ಜನವರಿಯಲ್ಲಿ ಹಿಂದೆ ಸರಿಯಿರಿ ಎಂದವರೇ ಮಾರ್ಚ್‌ನಲ್ಲಿ ಮುಂದೆ ಬನ್ನಿ ಎಂದಂತೆ ನಮಗೆ ಕೇಳಿಸಿತು. ಆ ಎರಡು ತಿಂಗಳಲ್ಲಿ ತಜ್ಞರ ತಿಳಿವಳಿಕೆ ಬೆಳೆದಿತ್ತು, ಸತ್ತ ಅಥವಾ ಬೆಳೆಯಲಾರದ ವೈರಾಣುವಿನ ಲಸಿಕೆ ನಮ್ಮಂಥವರಿಗೆ ಸೋಂಕು ತರಲಾರದು ಎಂಬುದನ್ನು ಅವರು ಒತ್ತಿ ಹೇಳುತ್ತಿದ್ದರು. ಅದನ್ನು ನಮಗೆ ಬಿಡಿಸಿ ಹೇಳುವವರು ಇರಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಚ್ ನಡುವಿನಲ್ಲಿ ಧೈರ್ಯ ಮಾಡಿ ತುಮಕೂರಿನಲ್ಲೇ ಕೋವಿಶೀಲ್ಡ್ ಹಾಕಿಸಿಕೊಂಡೆ. ಅದಕ್ಕೆ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಬಂದಿತ್ತು: ವಾತದ ಮಾತ್ರೆ ನಿಲ್ಲಿಸದಿದ್ದರೆ ಲಸಿಕೆ ಮೈಗೆ ಹಿಡಿಯುವುದಿಲ್ಲ. ಅದರ ಮೂಲದಲ್ಲಿ ಒಂದು ನಿಜವಿತ್ತು. ಕಾಯಿಲೆ ಹತೋಟಿಯಲ್ಲಿದ್ದರೆ ಲಸಿಕೆ ಹಾಕಿಸಿಕೊಂಡ ಮೇಲೆ ಮೆಥೊಟ್ರೆಕ್ಸೇಟ್ ಅನ್ನು ಒಂದು ವಾರ ತಡೆಯಬಹುದು ಎಂದು ಅಮೆರಿಕದ ಸಂಧಿವಾತ ತಜ್ಞರ ಸಂಘ ಆ ಫೆಬ್ರವರಿಯಲ್ಲಿ ಹೇಳಿತ್ತು. ನನ್ನ ಫೋನಿಗೆ ಬರುವಷ್ಟರಲ್ಲಿ 'ಒಂದು ವಾರ' ಉದುರಿಹೋಗಿತ್ತು, ಮಾತ್ರೆಯ ಹೆಸರೂ ಉದುರಿಹೋಗಿತ್ತು. ನಾನು ಎಲ್ಲವನ್ನೂ ಬಿಟ್ಟೆ. ಲಸಿಕೆಗೆ ಮುಂಚಿನಿಂದಲೇ ಬಿಟ್ಟೆ, ಆಮೇಲೂ ಬಹಳ ದಿನ ಮುಟ್ಟಲಿಲ್ಲ. ಬಹುಕಾಲದಿಂದ ನುಂಗುತ್ತಿರುವ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂಬುದು ಗೊತ್ತಿದ್ದೂ ಬಿಟ್ಟೆ. ಡಾಕ್ಟರಿಗೆ ಯಾಕೆ ಫೋನ್ ಮಾಡಲಿಲ್ಲ? ಅವರು 'ಬಿಡಬೇಡಿ' ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ.

ಏಪ್ರಿಲ್ ಹೊತ್ತಿಗೆ ಮಣಿಕಟ್ಟು, ಬೆರಳು, ಮಂಡಿ ಎಲ್ಲ ಕೆರಳಿದವು. ಏಪ್ರಿಲ್ 13ರ ಯುಗಾದಿಗೆ ಗುಬ್ಬಿಗೆ ಹೋದಾಗ ಒಬ್ಬಟ್ಟಿನ ತಟ್ಟೆಯನ್ನು ಒಂದು ಕೈಯಲ್ಲಿ ಎತ್ತಲಾಗಲಿಲ್ಲ. ಆ ತಿಂಗಳು 45 ದಾಟಿದವರಿಗೆಲ್ಲ ಲಸಿಕೆ ತೆರೆದಿತ್ತು, ಅಕ್ಕ ಹಾಕಿಸಿಕೊಳ್ಳಲು ಮನಸ್ಸು ಮಾಡಿಕೊಂಡೇ ಬಂದಿದ್ದಳು. ನನ್ನ ಕೈ ನೋಡಿ, 'ನಿಂಗೇ ಹಿಂಗಾಯ್ತಲ್ಲೇ, ಇನ್ನು ನನ್ನ ಗತಿ ಏನೇ' ಅಂದಳು. ನಾನು ಬೇಡ ಎನ್ನಲಿಲ್ಲ. 'ನೋಡಕ್ಕ, ನಂಗಾಗಿದ್ದು ನಾನು ಹೇಳ್ದೆ' ಅಂದೆ. ಬೇಡ ಎನ್ನುವುದಕ್ಕಿಂತ ಅದು ಗಟ್ಟಿ ಮಾತಾಗಿತ್ತು.

ತಿಂಗಳ ಕೊನೆಗೆ ಡಾಕ್ಟರು ವಿಡಿಯೋದಲ್ಲಿ ಸಿಕ್ಕರು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಕರ್ಫ್ಯೂ, ಬೆಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ ಅವರು, 'ಮಾತ್ರೆ ಸ್ಟ್ರಿಪ್ ತೋರಿಸಿ ಅಮ್ಮ' ಎಂದರು. ಡಬ್ಬಿ ತೆರೆದು ಒಂದೊಂದಾಗಿ ಫೋನಿನ ಮುಂದೆ ಹಿಡಿದೆ. ಫೆಬ್ರವರಿಯಲ್ಲಿ ಕೊಂಡ ಮೆಥೊಟ್ರೆಕ್ಸೇಟ್ ಪಟ್ಟಿಯಲ್ಲಿ ಮೊದಲ ಸಾಲಿನ ಗುಳ್ಳೆಗಳು ಒಡೆದಿದ್ದವು, ಉಳಿದವು ಹಾಗೇ ಉಬ್ಬಿಕೊಂಡಿದ್ದವು. ಸ್ಟೀರಾಯ್ಡ್ ಪಟ್ಟಿಯೂ ಮುಕ್ಕಾಲು ತುಂಬಿತ್ತು. 'ಇಷ್ಟು ದಿನ ಬಿಟ್ಟರೆ ಲಸಿಕೆ ಇಲ್ಲದೆಯೂ ಹೀಗೇ ಆಗ್ತಿತ್ತು' ಎಂದರು. ಬೈಯಲಿಲ್ಲ. ಮತ್ತೆ ಯಾವುದನ್ನು ಹೇಗೆ ಶುರುಮಾಡಬೇಕೆಂದು ಬರೆಸಿದರು.

ಆ ಫೋನ್ ಇಟ್ಟ ಕೂಡಲೇ ಅಕ್ಕನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಗುಬ್ಬಿಯವರೆಗೆ ಹೋಗಿ ಸಾರಿದ ಮಾತನ್ನು ತಿದ್ದಲು ನಾಚಿಕೆಯಾಯಿತು. ನೋವು ಇಳಿದ ಮೇಲೆ ಹೇಳೋಣ, ಮುಖಾಮುಖಿ ಹೇಳೋಣ ಎಂದುಕೊಂಡೆ. ಮೇ ಎರಡನೇ ವಾರದಲ್ಲಿ ಅಕ್ಕನ ಮನೆಯವರಿಗೆಲ್ಲ ಜ್ವರ ಬಂತು. ಉಳಿದವರು ಮನೆಯಲ್ಲೇ ಚೇತರಿಸಿಕೊಂಡರು. ಅಕ್ಕನನ್ನು ಹೆಬ್ಬೂರಿನ ಮೇಲೆ ಆಂಬುಲೆನ್ಸ್‌ನಲ್ಲಿ ತುಮಕೂರಿಗೆ ತಂದರು. ಆಮ್ಲಜನಕದ ಮಾಸ್ಕಿನೊಳಗಿಂದ ಅವಳು ಮಾತನಾಡಲು ಹೆಣಗುವುದನ್ನು ಭಾವ ವಿಡಿಯೋದಲ್ಲಿ ತೋರಿಸಿದರು. ಅಕ್ಕ ಬದುಕಿದಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಮಾತ್ರ ಬಹಳ ತಿಂಗಳು ಹೋಗಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಡೋಸ್ ಬಿದ್ದಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ ಎನ್ನಲಾರೆ. ಒಂದೇ ಡೋಸಿನ ರಕ್ಷಣೆ ಅರೆಬರೆ, ನಮ್ಮ ಮಾತ್ರೆಗಳು ಅದನ್ನು ಇನ್ನಷ್ಟು ತಗ್ಗಿಸುತ್ತವೆ. ಮೇ ತಿಂಗಳಲ್ಲಂತೂ ಲಸಿಕೆಯ ಅಭಾವವೇ ಇತ್ತು. ಆದರೆ ಅಕ್ಕ ಹಾಕಿಸಿಕೊಳ್ಳದೆ ಉಳಿದದ್ದು ಅಭಾವದಿಂದಲ್ಲ, ನನ್ನ ಮಾತಿನಿಂದ.

ಆಮೇಲೆ ಓದಿ, ಕೇಳಿ ತಿಳಿದದ್ದು ನನ್ನ ತಪ್ಪನ್ನು ಇನ್ನಷ್ಟು ನಿಚ್ಚಳವಾಗಿಸಿತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಲಸಿಕೆ ಪಡೆದ 5,121 ಜನರ ವಿವರ ಕಲೆಹಾಕಿತು. ಅವರಲ್ಲಿ 10ರಲ್ಲಿ 9 ಮಂದಿ ನಮ್ಮಂಥ ಉರಿಯೂತದ ಕಾಯಿಲೆಯವರು. ಅವರಲ್ಲಿ ಕಾಯಿಲೆ ಕೆರಳಿದ್ದು ಶೇ 4.4ರಷ್ಟು ಮಂದಿಗೆ, ತೀವ್ರವಾಗಿ ಕೆರಳಿದ್ದು ಶೇ 0.6ರಷ್ಟು ಮಂದಿಗೆ. ಅಂದರೆ ಕೆರಳುವುದೇ ಇಲ್ಲ ಎಂದಲ್ಲ, ಅದು ಅಪರೂಪ. ಇತ್ತ ಬ್ರಿಟನ್‌ನಲ್ಲಿ 254 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೂಸ್ಟರ್ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ತಡೆದವರಲ್ಲಿ ಪ್ರತಿಕಾಯಗಳು ಸುಮಾರು ಎರಡು ಪಟ್ಟಾದವು. ಜೊತೆಗೆ ತಡೆದವರಲ್ಲೇ ಕಾಯಿಲೆ ಕೆರಳಿದ್ದೂ ಹೆಚ್ಚು, ಬಹುಪಾಲು ಮಂದಿ ಮನೆಯಲ್ಲೇ ಸುಧಾರಿಸಿಕೊಂಡರು. ಅಳೆದು ಎರಡು ವಾರ ತಡೆದವರಿಗೇ ಹಾಗಾದರೆ, ಲೆಕ್ಕವಿಲ್ಲದೆ ಎಲ್ಲ ಮಾತ್ರೆ ಬಿಟ್ಟ ನನ್ನ ಕೀಲುಗಳು ಸುಮ್ಮನಿರುತ್ತವೆಯೇ?

ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ 12–16 ವಾರಗಳಿಗೆ ಏರಿತು. ಎರಡನೆಯದನ್ನು ನಾನು ಡಾಕ್ಟರನ್ನು ಕೇಳಿ ಹಾಕಿಸಿಕೊಂಡೆ. ಸ್ಟೀರಾಯ್ಡ್ ಒಂದು ದಿನವೂ ತಪ್ಪಬಾರದು, ಮೆಥೊಟ್ರೆಕ್ಸೇಟ್ ಅವರು ಹೇಳಿದಷ್ಟೇ ತಡೆಯಬೇಕು ಎಂದರು. ತೋಳು ನೊಂದಿತು, ರಾತ್ರಿ ಜ್ವರ ಬಂತು, ಅಷ್ಟೇ. ಕೀಲುಗಳು ತಂಟೆ ಮಾಡಲಿಲ್ಲ. ನನ್ನೊಬ್ಬಳಿಗೆ ಆದದ್ದು ಎಲ್ಲರಿಗೂ ಪುರಾವೆಯಲ್ಲ ಎಂದು ಈ ಬಾರಿಯೂ ಹೇಳಬೇಕು, ಫಲ ನನ್ನ ಪರವಾಗಿ ಬಂದಿದ್ದರೂ.

ಅಕ್ಕನಿಗೆ ಎಲ್ಲವನ್ನೂ ಹೇಳಿದ್ದು ಅವಳು ಮನೆಗೆ ಬಂದ ಮೇಲೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವತ್ತೇ ಒಂದು ಫೋನ್ ಮಾಡ್ಬಾರ್ದಿತ್ತೇನೇ' ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ನಾವಿಬ್ಬರೂ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡಿದ್ದೇವೆ. ಜೀವಂತ ವೈರಾಣುವಿರುವ ಲಸಿಕೆಗಳು ಮಾತ್ರ ನಮ್ಮ ಔಷಧಗಳ ನಡುವೆ ಸಾಮಾನ್ಯವಾಗಿ ಸಲ್ಲವೆಂದು ಗೊತ್ತಾಗಿದೆ. ನಮ್ಮಂಥವರನ್ನು ಹೆಚ್ಚು ಕಾಡುವ ಸರ್ಪಸುತ್ತಿಗೆ ಜೀವಂತವಲ್ಲದ ಲಸಿಕೆ 2023ರಲ್ಲಿ ಭಾರತಕ್ಕೆ ಬಂತು. ಅದರ ಸುದ್ದಿ ಹೇಳಿ, ಹಾಕಿಸಿಕೊಂಡವರೊಬ್ಬರಿಗೆ ಏನಾಯಿತು ಎಂದು ಶುರುಮಾಡಿದೆ. ಅಕ್ಕ ನಡುವೆಯೇ ತಡೆದಳು: 'ಅವರದ್ದೂ ಬೇಡ, ನಿಂದೂ ಬೇಡ. ಡಾಕ್ಟರ್‌ನ ಕೇಳ್ಕೋತೀನಿ ಬಿಡು.'

ಲಸಿಕೆಯಿಂದ ತೊಂದರೆಯಾಯಿತು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ, ನೋವು ಸುಳ್ಳಲ್ಲ. ಆಗ ಯಾವ ಮಾತ್ರೆ ನುಂಗುತ್ತಿದ್ದಿರಿ, ಯಾವುದನ್ನು ಎಂದಿನಿಂದ ಬಿಟ್ಟಿದ್ದಿರಿ, ಬಿಡಿ ಎಂದವರು ಯಾರು ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಹೆಚ್ಚಿನವರು ನಾನು ಕೊಡಬೇಕಿದ್ದ ಉತ್ತರವನ್ನೇ ಕೊಡುತ್ತಾರೆ: 'ಯಾರೂ ಹೇಳ್ಲಿಲ್ಲ, ನಾನೇ ಬಿಟ್ಟೆ.'