ಲೆನಾಕ್ಸ್ ಅವೆನ್ಯೂನ ಕುಳ್ಳ ಜಾರ್ಜ್

ನ್ಯೂಯಾರ್ಕಿಗೆ ಬರುವ ನಮ್ಮವರು ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ ನೋಡಿ ಹೊರಟುಬಿಡ್ತಾರೆ. ಅದೇ ಟೈಮ್ಸ್ ಸ್ಕ್ವೇರಿನಲ್ಲಿ 2 ಅಥವಾ 3ನೇ ನಂಬರಿನ ಸಬ್‌ವೇ ಹತ್ತಿ 135ನೇ ಬೀದಿಯಲ್ಲಿ ಇಳಿದರೆ ಹಾರ್ಲೆಮ್. ಲೆನಾಕ್ಸ್ ಅವೆನ್ಯೂದಲ್ಲಿ ಉತ್ತರಕ್ಕೆ ಸ್ವಲ್ಪ ನಡೆದರೆ 140 ಮತ್ತು 141ನೇ ಬೀದಿಗಳ ನಡುವೆ ಒಂದಷ್ಟು ವಸತಿ ಕಟ್ಟಡ, ಒಂದು ಫಲಕ. ಸವಾಯ್ ಬಾಲ್‌ರೂಮ್ ಇದ್ದದ್ದು ಇಲ್ಲೇ. 1926ರಲ್ಲಿ ತೆರೆದ ಈ ನೃತ್ಯಶಾಲೆ 1958ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು.

ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ನನ್ನ ಮಂಡಿ. ದಿನಕ್ಕೆ ಹತ್ತು ಗಂಟೆ ಕೋಡ್ ಬರೆಯುತ್ತಾ ಕೂತು ಸೊಂಟ, ಮಂಡಿ ಎರಡೂ ಬಿಗಿದುಕೊಂಡಿದ್ದವು. ಸಹೋದ್ಯೋಗಿಯೊಬ್ಬಳು ಬುಧವಾರದ ಜಾಝ್ ಡ್ಯಾನ್ಸ್ ಕ್ಲಾಸಿಗೆ ಎಳೆದುಕೊಂಡು ಹೋದಳು. ಮೊದಲ ದಿನ ಹೆಜ್ಜೆಯೇ ಇಲ್ಲ! ಮಂಡಿ ಸಡಿಲ ಬಿಟ್ಟು, ಮೈಭಾರ ನೆಲಕ್ಕಿಳಿಸುತ್ತಾ ನಿಂತಲ್ಲೇ ಪುಟಿಯೋದು, ಅಷ್ಟೇ. ಆಮೇಲೆ ಚಪ್ಪಾಳೆ. ನಮ್ಮೂರ ಭಜನೆಯಲ್ಲಿ ಒಂದಕ್ಕೆ ಬೀಳುವ ಚಪ್ಪಾಳೆ ಇಲ್ಲಿ ಎರಡಕ್ಕೆ, ನಾಲ್ಕಕ್ಕೆ ಬೀಳಬೇಕು. ಶಿಮ್ ಶ್ಯಾಮ್ ಎಂಬ ಕುಣಿತವಂತೂ ಒಂದರಿಂದ ಶುರುವಾಗೋದೇ ಇಲ್ಲ. ಅದಕ್ಕೂ ಹಿಂದಿನ ಎಂಟಕ್ಕೇ ಕಾಲು ಹಾಕಬೇಕು. ಸೊನ್ನೆಯಿಂದ ಎಣಿಸುವ ಎಂಜಿನಿಯರಿಗೆ ಇದೇನು ಕಷ್ಟ ಅಂದುಕೊಳ್ಳಬೇಡಿ. ತಲೆಗೆ ಗೊತ್ತಾದದ್ದು ಕಾಲಿಗೆ ತಲುಪಲು ಮೂರು ವಾರ ಹಿಡಿಯಿತು.

ನಾಲ್ಕನೇ ವಾರ 'ಶಾರ್ಟಿ ಜಾರ್ಜ್'. ಅರ್ಧ ಕೂತ ಹಾಗೆ ಬಗ್ಗಿ, ಎರಡೂ ಮಂಡಿ ಜೋಡಿಸಿ ಎಡಕ್ಕೂ ಬಲಕ್ಕೂ ತೂಗುತ್ತಾ, ಬೆರಳಿನಿಂದ ನೆಲ ತೋರಿಸುತ್ತಾ ಮುಂದಕ್ಕೆ ನಡೆಯೋದು. ಸವಾಯ್‌ನ ಹೆಸರಾಂತ ನರ್ತಕ ಜಾರ್ಜ್ ಸ್ನೋಡನ್ ಕುಳ್ಳಗಿದ್ದರಂತೆ. ಹೆಜ್ಜೆಗೆ ಅವರ ಅಡ್ಡಹೆಸರೇ ಉಳಿಯಿತು. ಕುಣಿದ ನೆಲವೇ ಇಲ್ಲ, ಆದರೆ ಮಂಡ್ಯದ ಹುಡುಗನ ಮಂಡಿಯಲ್ಲಿ ಆ ಮನುಷ್ಯ ಇದ್ದಾರೆ! ಜಾಗವನ್ನಾದರೂ ನೋಡೋಣ ಅಂತ ಆ ಭಾನುವಾರ ಹೊರಟೆ.

ಫಲಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅಲ್ಲೇ ಮುಂದಿನ 142ನೇ ಬೀದಿಯ ಮೂಲೆ. ಅಲ್ಲಿ ಆಗ ಕಾಟನ್ ಕ್ಲಬ್ ಇತ್ತು. ಹಾಡುವವರು, ಕುಣಿಯುವವರು ಕಪ್ಪು ಜನ. ಗಿರಾಕಿಗಳಾಗಿ ಪ್ರವೇಶ ಬಿಳಿಯರಿಗೆ. ಸವಾಯ್‌ನಲ್ಲಿ ಮಾತ್ರ ಇಬ್ಬರೂ ಒಂದೇ ಮರದ ನೆಲದ ಮೇಲೆ ಕುಣಿದರು. ಹಬ್ಬಕ್ಕೆ ತಮಟೆ ಬೇಕೇ ಬೇಕು, ತಮಟೆಯವರು ಮಾತ್ರ ಗುಡಿಯ ಹೊಸ್ತಿಲಾಚೆ ಅನ್ನುವುದನ್ನು ಕಂಡು ಬೆಳೆದವನು ನಾನು. ಇದು ಅಮೆರಿಕದವರ ಕಥೆ ಅಂತ ಪಕ್ಕಕ್ಕಿಡಲು ಆಗಲಿಲ್ಲ.

ಸವಾಯ್‌ನ ಇನ್ನೊಬ್ಬ ದೊಡ್ಡ ನರ್ತಕ ಫ್ರ್ಯಾಂಕಿ ಮ್ಯಾನಿಂಗ್, ಸ್ವಿಂಗ್ ಕಾಲ ಮುಗಿದ ಮೇಲೆ ದಶಕಗಟ್ಟಲೆ ಅಂಚೆ ಇಲಾಖೆಯಲ್ಲಿ ದುಡಿದರು. 1980ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಹೊಸ ಹುಡುಗರು ಹುಡುಕಿಕೊಂಡು ಬಂದಾಗ ಮತ್ತೆ ಕಲಿಸಲು ನಿಂತರು. 2009ರಲ್ಲಿ ತೀರಿಕೊಂಡರು. ನಮ್ಮ ಮೇಷ್ಟ್ರು ಅವರ ಶಿಷ್ಯರು. ಶಾರ್ಟಿ ಜಾರ್ಜ್ ಹೇಳಿಕೊಡುವಾಗ ಎಣಿಕೆ ಹೇಳೋದಿಲ್ಲ, ಮ್ಯಾನಿಂಗ್ ಹಾಡುತ್ತಿದ್ದ ಹಾಗೆ ಬಾಯಲ್ಲೇ ಲಯ ಹಾಡ್ತಾರೆ.

ಕಲಿಯುವ ಮನಸ್ಸಿದ್ದರೆ ಒಂದು ಮಾತು: ಬೂಟಿನ ಅಡಿ ನುಣುಪಾಗಿರಲಿ. ರಬ್ಬರ್ ಅಡಿ ನೆಲಕ್ಕೆ ಕಚ್ಚಿಕೊಂಡರೆ ತಿರುಚೋದು ಮಂಡಿಯೇ.