ಹೆಗಲ ಮೇಲಿನ ಹಾಲಿನ ಕಲೆ

1993ರಲ್ಲಿ ನನ್ನ ಮೊದಲ ಬಾಣಂತನ ತವರುಮನೆ ತೆಲಸಂಗದಲ್ಲಾಯಿತು. ಅಥಣಿ ತಾಲೂಕಿನ ಆ ಬಿಸಿಲಿಗೆ ಕುಂಚಿಗೆ, ಕುಲಾಯಿ ಒಣಗಲು ಎಷ್ಟು ಹೊತ್ತು ಬೇಕು? ಆದರೂ ನಮ್ಮ ಹಗ್ಗದ ಮೇಲೆ ಒದ್ದೆ ಬಟ್ಟೆ ತಪ್ಪುತ್ತಿರಲಿಲ್ಲ. ಮಗಳು ಕುಡಿದಾಗಲೆಲ್ಲ ಕಕ್ಕುತ್ತಿದ್ದಳು. ನನ್ನ ಸೆರಗಿಗೆ ಸದಾ ಹುಳಿಹಾಲಿನ ವಾಸನೆ.

ನೋಡಲು ಬಂದವರು ಒಂದೊಂದು ಮಾತು ಹೇಳಿದರು. ‘ತಾಯಿ ಹಾಲು ಒಗ್ಗವಲ್ದು’ ಎಂದರು ಒಬ್ಬರು. ‘ದೃಷ್ಟಿ ಆಗೇತಿ’ ಎಂದು ಇನ್ನೊಬ್ಬರು ಉಪ್ಪು, ಮೆಣಸಿನಕಾಯಿ ಇಳಿ ತೆಗೆದರು. ಡಬ್ಬಿ ಹಾಲು ಹಾಕಿರೆಂಬ ಸಲಹೆಯೂ ಬಂತು. ನನಗಾಗ 19 ವರ್ಷ. ನನ್ನ ಹಾಲೇ ಕೂಸಿಗೆ ಕೇಡಾಯಿತೇನೋ ಎಂದು ಗೋಡೆಗೆ ಮುಖ ಮಾಡಿ ಅತ್ತಿದ್ದೇನೆ.

ಒಂದು ರಾತ್ರಿ ಮಲಗಿಕೊಂಡೇ ಹಾಲೂಡುತ್ತ ನನಗೆ ಜೊಂಪು ಹತ್ತಿತು. ಕೆಮ್ಮು ಕೇಳಿ ಕಣ್ಣು ತೆರೆದರೆ ಕೂಸಿನ ಬಾಯಿ, ಮೂಗಿನ ತುಂಬ ಹಾಲು, ಮುಖ ಕೆಂಪೇರಿತ್ತು. ಅವ್ವ ಓಡಿಬಂದು ಕೂಸನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಹೆಗಲಿಗೆ ಹಾಕಿಕೊಂಡಳು. ಕೂಸು ಅತ್ತಾಗಲೇ ನನಗೆ ಜೀವ ಬಂದದ್ದು.

‘ಕುಡಿಸಿದ್ರಷ್ಟ ಆತೇನವಾ? ತೇಗು ಬರೂತನಕ ಹೆಗಲ ಮ್ಯಾಲ ಇರಬೇಕು’ ಎಂದಳು ಅವ್ವ.

ಮರುದಿನ ಬಂದ ನರ್ಸಬಾಯಿ ಕೂಸನ್ನು ತೂಗಿ ನೋಡಿದರು. ತೂಕ ಏರಿತ್ತು. ‘ಹಾಲು ಬಿಡಿಸಬ್ಯಾಡ್ರಿ’ ಎಂದು ಗಟ್ಟಿಯಾಗಿ ಹೇಳಿ ಹೋದರು. ಅನ್ನನಾಳ ಜಠರವನ್ನು ಸೇರುವಲ್ಲಿ ಇರುವ ಸ್ನಾಯು ಎಳೆಗೂಸಿಗೆ ಇನ್ನೂ ಬಲಿತಿರುವುದಿಲ್ಲ. ಹೊಟ್ಟೆ ತುಂಬಿದಾಗ, ಗಾಳಿ ಸೇರಿದಾಗ ಹಾಲು ಮೇಲೆ ಬರುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಇದು ಹೆಚ್ಚು. ವರ್ಷ ತುಂಬುವಷ್ಟರಲ್ಲಿ ಬಹುತೇಕ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ.

ಈಗ ಅದೇ ಮಗಳ ಬಾಣಂತನ ನಾನು ಮಾಡುತ್ತಿದ್ದೇನೆ. ಕೂಸಿನ ತಲೆ ತುಸು ಮೇಲಿರುವಂತೆ ಹಿಡಿದು, ಅವಸರವಿಲ್ಲದೆ ಕುಡಿಸಬೇಕು. ನಡುವೆ ಒಮ್ಮೆ, ಕೊನೆಗೊಮ್ಮೆ ತೇಗಿಸಬೇಕು. ಸಾಕೆಂದು ಮುಖ ತಿರುವಿದ ಕೂಸಿಗೆ ಒತ್ತಾಯಿಸಬಾರದು. ಕುಡಿದ ಮೇಲೆ ಇಪ್ಪತ್ತು, ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿರಬೇಕು. ತೊಟ್ಟಿಲು ತೂಗುವ ಗಡಿಬಿಡಿ ಬೇಡ.

ಒಂದು ಮಾತಿನಲ್ಲಿ ಮಾತ್ರ ಅವ್ವ ತಪ್ಪಿದ್ದಳು. ಕಕ್ಕುವ ಕೂಸನ್ನು ಬೋರಲು ಮಲಗಿಸುತ್ತಿದ್ದಳು. ನಿದ್ದೆಯಲ್ಲಿನ ಹಠಾತ್ ಸಾವಿನ ಅಪಾಯ ಬೋರಲು ಮಲಗಿದಾಗಲೇ ಹೆಚ್ಚು. ಆದ್ದರಿಂದ ಅಂಗಾತವೇ ಮಲಗಿಸಿರೆಂದು ವೈದ್ಯರು ಹೇಳುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳಕ್ಕಿಂತ ಮೇಲಿರುವುದರಿಂದ ಕಕ್ಕಿದ ಹಾಲು ಸುಲಭವಾಗಿ ಅದರೊಳಗೆ ಇಳಿಯದು.

ಹಾಗೆಂದು ಎಲ್ಲ ವಾಂತಿಯೂ ಸಾದಾ ಅಲ್ಲ. ಮೊದಲ ವಾರಗಳಲ್ಲಿ ಪ್ರತಿ ಸಲ ಚಿಮ್ಮಿ ದೂರ ಬಿದ್ದರೆ, ಹಸಿರು ಬಣ್ಣ ಅಥವಾ ರಕ್ತ ಕಂಡರೆ, ಜ್ವರ ಬಂದರೆ, ಉಚ್ಚೆ ಕಡಿಮೆಯಾದರೆ, ತೂಕ ಏರದಿದ್ದರೆ, ಕೂಸು ಮಂಕಾದರೆ ನಿವಾಳಿಸುತ್ತ ಕೂಡಬೇಡಿ. ತಡಮಾಡದೆ ದವಾಖಾನೆಗೆ ನಡೆಯಿರಿ.

ನಿನ್ನೆ ಮೊಮ್ಮಗ ನನ್ನ ಹೊಸ ಇಳಕಲ್ ಸೀರೆಯ ಹೆಗಲ ಮೇಲೇ ಕಕ್ಕಿದ. ‘ಅವ್ವಾ, ನನ್ನ ಹಾಲು ಒಗ್ಗವಲ್ದೇನ?’ ಎಂದು ಮಗಳು ಅಳುಮೋರೆ ಮಾಡಿದಳು. ‘ನೀನೂ ಹಿಂಗ ಕಕ್ಕಿ ಬೆಳದಾಕಿ’ ಎಂದೆ. ಕಲೆ ತೊಳೆದರೆ ಹೋದೀತು. ಅವಳ ಮನಸ್ಸಿಗೆ ಆ ಮಾತು ಅಂಟದಿದ್ದರೆ ಸಾಕು.